ಯಕೃತ್ತಿನೊಳಗೊಂದು ಬೇಹು

ಮಾಯಕೊಂಡವೆಂದೊಡನೆ ಚಿತ್ರದುರ್ಗದ ಚರಿತ್ರೆಯನ್ನು ಓದಿದವರಿಗೆ 1748ನೆಯ ಇಸವಿ ನೆನಪಿಗೆ ಬರುತ್ತದೆ. ಆ ವರ್ಷ ಅಲ್ಲಿಯ ಬಯಲಿನಲ್ಲಿ ದುರ್ಗದ ಹಿರೇ ಮದಕರಿನಾಯಕನು ಹರಪನಹಳ್ಳಿಯ ಪಾಳೆಯಗಾರನೂ ಅವನೊಡನೆ ಕೂಡಿದ ಇತರರೂ ಒಡ್ಡಿದ ದಂಡಿಗೆ ಎದುರಾಗಿ ಕಾದಾಡುತ್ತ ಮಡಿದನು. ಈಗ ಆ ಬಯಲಿನಲ್ಲಿ ಯುದ್ಧದ ಗುರುತು ಹುಡುಕಿದರೂ ಸಿಗದು. ಚಿಕ್ಕಜಾಜೂರು ದಾಟಿ ದಾವಣಗೆರೆಯ ಕಡೆಗೆ ಹೋಗುವ ರೈಲಿನಲ್ಲಿ ಕುಳಿತವರಿಗೆ ಊರಿನ ನಿಲ್ದಾಣ ಒಂದು ಗಳಿಗೆ ಕಂಡು ಮರೆಯಾಗುತ್ತದೆ; ಅಷ್ಟೆ.

ನಮ್ಮ ದೊಡ್ಡಪ್ಪನವರ ಹೊಲವಿರುವುದು ಆ ಬಯಲಿನಲ್ಲಿಯೇ. ಹುಡುಗನಾಗಿದ್ದಾಗ, ನೇಗಿಲ ಸಾಲಿನಲ್ಲಿ ಒಂದಾದರೂ ಕತ್ತಿಯ ಚೂರು ಸಿಕ್ಕೀತೆಂದು ಅವರ ಹಿಂದೆಯೇ ತಿರುಗಿದವನು ನಾನು. ಸಿಕ್ಕಿದ್ದು ಬರಿಯ ಹೆಂಟೆ. ಒಮ್ಮೆ ದೊಡ್ಡಪ್ಪ ನಕ್ಕು, “ಕತ್ತಿ ಹುಡುಕಿ ಏನ್ ಮಾಡ್ತೀಯೋ ತಮ್ಮಾ? ಯಾರ ದಂಡು ಎಲ್ಲಿ ಇಳಿದಿತ್ತು, ಎಷ್ಟು ಮಂದಿ ಇದ್ರು, ಅದನ್ನ ಹುಡುಕು. ಗೆದ್ದೋನು ಯಾಕ ಗೆದ್ದ ಅನ್ನೋದು ಅದರಾಗ ಐತಿ” ಎಂದಿದ್ದರು. ಮುಂದೆ ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಇತಿಹಾಸದ ಪಾಠ ಹೇಳಿ ನಿವೃತ್ತನಾದೆ. ಆ ಮಾತಿಗಿಂತ ಹೆಚ್ಚಿನ ಪಾಠವನ್ನೇನೂ ನಾನು ಹೇಳಿದಂತಿಲ್ಲ.

ಆ ಮಾತು ಬೇರೊಂದು ಯುದ್ಧದಲ್ಲಿ ನೆನಪಿಗೆ ಬಂದೀತೆಂದು ಮಾತ್ರ ಎಣಿಸಿರಲಿಲ್ಲ. ಮೂರು ವರ್ಷದ ಹಿಂದೆ ದೊಡ್ಡಪ್ಪನವರಿಗೆ ಮಲದಲ್ಲಿ ರಕ್ತ ಕಾಣಿಸಿಕೊಂಡಿತು. ಮೂಲವ್ಯಾಧಿಯೆಂದು ಆರು ತಿಂಗಳು ಗಿಡಮೂಲಿಕೆಯಲ್ಲಿ ಕಳೆದರು. ಕೊನೆಗೆ ದಾವಣಗೆರೆಗೆ ಕರೆತಂದು ತೋರಿಸಿದಾಗ, ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಎಂದು ತಿಳಿಯಿತು. ಹೊಟ್ಟೆಯ ಸಿ. ಟಿ. ಸ್ಕ್ಯಾನ್ ಆಯಿತು. ಯಕೃತ್ತಿನಲ್ಲಿ ಮೂರು ಚುಕ್ಕೆಗಳಿವೆ, ಅವು ಇಂಥವೇ ಎಂದು ಖಂಡಿತವಾಗಿ ಹೇಳಲಾಗದು ಎಂದು ವರದಿ ಬಂದಿತು. ಶಸ್ತ್ರವೈದ್ಯರು ನಮ್ಮನ್ನು ಕೂರಿಸಿಕೊಂಡು, “ಕರುಳಿನದನ್ನು ತೆಗೆಯಬಹುದು. ಈಲಿಯಲ್ಲಿರುವುದು ಏನು ಎನ್ನುವುದರ ಮೇಲೆ ಮುಂದಿನದು. ಬೆಂಗಳೂರಿಗೆ ಹೋಗಿ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡಿಸಿ ಎಂ. ಆರ್. ಐ. ಮಾಡಿಸಿಕೊಂಡು ಬನ್ನಿ” ಎಂದರು. ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಎಷ್ಟು ಮಂದಿ ಅದಾರ, ಎಲ್ಲೆಲ್ಲಿ ಅದಾರ, ಅದು ಗೊತ್ತಾಗತೈತೇನ್ರಿ ಡಾಕ್ಟ್ರೇ?”

ಬೆಂಗಳೂರಿನಲ್ಲಿ ದಿನ ಗೊತ್ತಾಗುವವರೆಗೆ ಹತ್ತು ದಿನ ಕಾಯಬೇಕಾಯಿತು. ಕೈ ಕಟ್ಟಿ ಕೂರಲಾರದೆ ನಾನು ಈ ಪರೀಕ್ಷೆಯ ಚರಿತ್ರೆಯನ್ನು ಓದತೊಡಗಿದೆ. ವೈದ್ಯರಿಗೆ ಇದರಲ್ಲಿ ಹೊಸದೇನೂ ಇರಲಾರದು. ನನ್ನಂತೆ ಆಸ್ಪತ್ರೆಯ ಬೆಂಚಿನ ಮೇಲೆ ವರದಿ ಕೈಯಲ್ಲಿ ಹಿಡಿದು ಕುಳಿತವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಕ್ಯಾನ್ಸರಿಗೆ ನಮ್ಮ ಹಿಂದಿನ ಲೇಖಕರು ಏಡಿಗಂತಿಯೆಂಬ ಹೆಸರಿಟ್ಟಿದ್ದರು. ಗ್ರೀಕ್ ವೈದ್ಯರು ಈ ರೋಗದಲ್ಲಿ ಕಂಡ ಏಡಿಯ ಹೋಲಿಕೆಯೇ ಆ ಹೆಸರಿನಲ್ಲಿಯೂ ಇದೆ. ಏಡಿ ಇದ್ದಲ್ಲಿಯೇ ಇರುವ ಪ್ರಾಣಿಯಲ್ಲ. ಹುಟ್ಟಿದ ಗಂಟಿನಿಂದ ಕಣಗಳು ಕಳಚಿಕೊಂಡು ರಕ್ತದಲ್ಲಿ ತೇಲಿ ಬೇರೆಡೆ ಹೋಗಿ ಮರಿಗಂಟುಗಳಾಗಿ ಬೆಳೆಯುವುದುಂಟು. ಎಲ್ಲಿಗೆ ಹೋಗುತ್ತವೆ, ಏಕೆ ಅಲ್ಲಿಗೇ ಹೋಗುತ್ತವೆ ಎಂಬ ಪ್ರಶ್ನೆಯನ್ನು ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲಿ ಎತ್ತಿಕೊಂಡನು. ಸ್ತನದ ಕ್ಯಾನ್ಸರಿನಿಂದ ಸತ್ತ 735 ಮಂದಿಯ ಶವಪರೀಕ್ಷೆಯ ದಾಖಲೆಗಳನ್ನು ಅವನು ತಿರುವಿಹಾಕಿದನು. ಯಕೃತ್ತಿನಲ್ಲಿ ಮರಿಗಂಟುಗಳಿದ್ದವರು 241 ಮಂದಿ. ಗುಲ್ಮದಲ್ಲಿದ್ದವರು 17 ಮಂದಿ ಮಾತ್ರ. ರಕ್ತವೇನೋ ಎರಡು ಅಂಗಗಳಿಗೂ ಧಾರಾಳವಾಗಿ ಹರಿಯುತ್ತದೆ. ಹೀಗಿರಲು ಇಷ್ಟು ಅಂತರವೇಕೆ? ಗಿಡವೊಂದು ಬೀಜ ಚೆಲ್ಲಿದಾಗ ಬೀಜ ಎಲ್ಲ ದಿಕ್ಕಿಗೂ ಹೋಗುತ್ತದೆ, ಆದರೆ ತನಗೊಗ್ಗುವ ಮಣ್ಣಿನಲ್ಲಿ ಬಿದ್ದರೆ ಮಾತ್ರ ಮೊಳೆಯುತ್ತದೆ ಎಂದು ಅವನು ಉತ್ತರ ಕೊಟ್ಟನು.

ಇದನ್ನು ನಾನು ದೊಡ್ಡಪ್ಪನವರಿಗೆ ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದು, “ಇಷ್ಟು ತಿಳಿಯಾಕ ಲಂಡನ್ನಾಗ ಹುಟ್ಟಬೇಕಿತ್ತೇನು? ಕಳೆ ಬೀಜ ಊರಿಗೆಲ್ಲ ಬೀಳತೈತಿ, ಹುಟ್ಟೋದು ಹದ ಇದ್ದ ಹೊಲದಾಗ” ಎಂದರು.

ಯಕೃತ್ತಿನ ಹದ ಎಂಥದು? ಸುಮಾರು ಒಂದೂವರೆ ಕಿಲೋ ತೂಗುವ ಈ ಅಂಗಕ್ಕೆ ನೀರು ಹಾಯುವ ಕಾಲುವೆಗಳು ಎರಡು. ಹೃದಯದಿಂದ ನೇರ ಬರುವ ಧಮನಿ ಒಂದು. ಅದು ತರುವುದು ಒಟ್ಟು ರಕ್ತದ ಕಾಲುಭಾಗ. ಉಳಿದ ಮುಕ್ಕಾಲು ಭಾಗ ಬರುವುದು ಕರುಳಿನಿಂದ. ನಾವು ಉಂಡ ಅನ್ನದ ಸಾರವನ್ನು ಹೀರಿದ ರಕ್ತವು ಹೃದಯಕ್ಕೆ ಹೋಗುವ ಮುನ್ನ, ಸುಂಕದ ಕಟ್ಟೆಯಲ್ಲಿ ನಿಂತ ಬಂಡಿಯಂತೆ, ಯಕೃತ್ತಿನಲ್ಲಿ ಹಾದುಹೋಗಬೇಕು. ಆದುದರಿಂದ ದೊಡ್ಡ ಕರುಳಿನ ಗಂಟಿನಿಂದ ಕಳಚಿದ ಕಣಕ್ಕೆ ಎದುರಾಗುವ ಮೊದಲ ನಿಲ್ದಾಣ ಬಹುಮಟ್ಟಿಗೆ ಯಕೃತ್ತೇ. ವಿಚಿತ್ರವೆಂದರೆ, ಅಲ್ಲಿ ಬೇರೂರಿದ ಮರಿಗಂಟು ಬೆಳೆದಂತೆಲ್ಲ ತನ್ನ ಆಹಾರವನ್ನು ಹೆಚ್ಚಾಗಿ ಪಡೆಯುವುದು ಇನ್ನೊಂದು ಕಾಲುವೆಯಿಂದ, ಅಂದರೆ ಧಮನಿಯಿಂದ. ಈ ಭೇದವನ್ನು ಓದುಗರು ನೆನಪಿಟ್ಟುಕೊಂಡಿರಬೇಕು. ಮುಂದೆ ಅದೇ ನಮಗೆ ದಾರಿ ತೋರುತ್ತದೆ.

ಇಷ್ಟು ದೊಡ್ಡ ಅಂಗವಾದರೂ ಯಕೃತ್ತು ಬಹುಕಾಲ ವೈದ್ಯರಿಗೆ ಕತ್ತಲೆಯ ಕೋಣೆಯಾಗಿಯೇ ಉಳಿದಿತ್ತು. 1761ರಲ್ಲಿ ವಿಯೆನ್ನಾದ ಔಯೆನ್‌ಬ್ರುಗ್ಗರ್ ಎಂಬ ವೈದ್ಯನು ಮೈಯನ್ನು ಬೆರಳಿನಿಂದ ತಟ್ಟಿ, ಹೊರಡುವ ನಾದದಿಂದ ಒಳಗಿನ ಸ್ಥಿತಿಯನ್ನು ತಿಳಿಯುವ ಕ್ರಮವನ್ನು ಪ್ರಕಟಿಸಿದನು. ಕಣಜ ತುಂಬಿದೆಯೋ ಬರಿದೋ ಎಂದು ತಟ್ಟಿ ನೋಡುವ ವಿದ್ಯೆಯೇ ಅದು. ಇದರಿಂದ ಯಕೃತ್ತು ಎಷ್ಟು ಅಗಲವಿದೆಯೆಂದು ತಿಳಿಯಬಹುದಾಗಿತ್ತು, ಒಳಗೇನಿದೆಯೆಂದಲ್ಲ. 1895ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಎಕ್ಸ್ ಕಿರಣಗಳಿಗೆ ಎಲುಬು ಕಂಡಿತು. ಯಕೃತ್ತು ಬರಿಯ ನೆರಳಾಗಿ ಉಳಿಯಿತು. 1971ರಲ್ಲಿ ಇಂಗ್ಲೆಂಡಿನ ಹೌನ್ಸ್‌ಫೀಲ್ಡ್ ರೂಪಿಸಿದ ಸಿ. ಟಿ. ಯಂತ್ರದಿಂದ ಮೊದಲ ರೋಗಿಯ ತಲೆಯ ಚಿತ್ರವನ್ನು ಹೋಳುಹೋಳಾಗಿ ತೆಗೆದರು. ಕೆಲವೇ ವರ್ಷಗಳಲ್ಲಿ ಹೊಟ್ಟೆಯ ಚಿತ್ರಗಳೂ ಬಂದವು. ಅದರ ಉಪಕಾರ ಸಾಮಾನ್ಯವಾದುದಲ್ಲ. ಇಂದಿಗೂ ಮೊದಲು ಮಾಡಿಸುವುದು ಅದನ್ನೇ. ಆದರೆ ಒಂದು ಸೆಂಟಿಮೀಟರಿಗಿಂತ ಕಿರಿದಾದ ಚುಕ್ಕೆ ಕಂಡಾಗ, ಅದು ಮರಿಗಂಟೋ, ಹುಟ್ಟಿನಿಂದ ಇರುವ ನೀರುಗುಳ್ಳೆಯೋ, ರಕ್ತನಾಳಗಳ ನಿರಪಾಯವಾದ ಗೋಜಲೋ ಎಂದು ಹೇಳಲು ಅದು ಅನೇಕ ವೇಳೆ ತಡವರಿಸುತ್ತದೆ. ನಮಗೆ ಆದುದೂ ಹಾಗೆಯೇ.

ಇನ್ನು ಎಂ. ಆರ್. ಐ. ಇದರ ಮೂಲ ವೈದ್ಯಶಾಲೆಯಲ್ಲಿಲ್ಲ. 1946ರಲ್ಲಿ ಅಮೆರಿಕೆಯಲ್ಲಿ ಬ್ಲಾಕ್ ಮತ್ತು ಪರ್ಸೆಲ್ ಎಂಬ ಇಬ್ಬರು ಭೌತವಿಜ್ಞಾನಿಗಳು ಬೇರೆಬೇರೆಯಾಗಿ ಒಂದು ಸಂಗತಿಯನ್ನು ತೋರಿಸಿಕೊಟ್ಟರು. ನೀರಿನಲ್ಲಿರುವ ಜಲಜನಕದ ಪರಮಾಣು ಬೀಜಗಳು ಪುಟ್ಟ ಆಯಸ್ಕಾಂತಗಳಂತೆ ವರ್ತಿಸುತ್ತವೆ. ಅವುಗಳನ್ನು ದೊಡ್ಡ ಕಾಂತದ ನಡುವೆ ಇರಿಸಿ ಹದವಾದ ರೇಡಿಯೋ ಅಲೆಯಿಂದ ತಟ್ಟಿದರೆ ಮರುದನಿ ಕೊಡುತ್ತವೆ. ಔಯೆನ್‌ಬ್ರುಗ್ಗರ್ ಬೆರಳಿನಿಂದ ತಟ್ಟಿದ. ಇವರು ಅಲೆಯಿಂದ ತಟ್ಟಿದರು. 1952ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ಇಲ್ಲಿ ನಮ್ಮ ನಾಡಿನವರು ಮರೆಯಬಾರದ ಒಂದು ಹೆಸರಿದೆ. ಆ ಶೋಧ ಹೊರಬಿದ್ದು ಐದೇ ವರ್ಷಕ್ಕೆ, 1951ರಲ್ಲಿ, ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನ ಭೌತವಿಜ್ಞಾನ ವಿಭಾಗದ ಜಿ. ಸೂರ್ಯನ್ ಎಂಬುವರು ಹರಿಯುವ ದ್ರವಗಳಲ್ಲಿ ಈ ಮರುದನಿ ಹೇಗಿರುತ್ತದೆಂಬ ವಿಷಯವಾಗಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅಚ್ಚಾದುದು ಸಿ. ವಿ. ರಾಮನ್ನರು ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ. ಅದರ ಸಾರ ಸರಳವಾದುದು. ನಿಂತ ನೀರನ್ನು ಅಲೆಯಿಂದ ಬಿಡದೆ ಬಲವಾಗಿ ತಟ್ಟುತ್ತಿದ್ದರೆ ಅದರ ಬೀಜಗಳು ದಣಿದಂತಾಗಿ ಮರುದನಿ ಕುಗ್ಗುತ್ತದೆ. ನೀರು ಹರಿಯುತ್ತಿದ್ದರೆ ದಣಿದವು ಮುಂದೆ ಹೋಗಿ ದಣಿಯದ ಹೊಸವು ಒಳಬರುತ್ತವೆ. ದನಿ ಮತ್ತೆ ಏರುತ್ತದೆ. ಹರಿವನ್ನು ಈ ವಿಧಾನದಿಂದ ಗುರುತಿಸಬಹುದೆಂದು ತೋರಿಸಿದ ಮೊದಲ ಕೆಲಸವೆಂದು ಅದನ್ನು ಇಂದು ಎಣಿಸುತ್ತಾರೆ. ಎಂ. ಆರ್. ಐ.ನ ಕೆಲವು ಬಗೆಯ ಚಿತ್ರಗಳಲ್ಲಿ ಹರಿಯುವ ರಕ್ತ ಬೆಳ್ಳಗೆ ಹೊಳೆಯುವುದಕ್ಕೆ ಇದೇ ಕಾರಣ. ಯಕೃತ್ತಿನ ಹೋಳಿನಲ್ಲಿ ರಕ್ತನಾಳದ ಅಡ್ಡಕೊಯ್ತವೂ ಒಂದು ಚುಕ್ಕೆ, ಮರಿಗಂಟೂ ಒಂದು ಚುಕ್ಕೆ. ಹರಿಯುವುದು ಯಾವುದು, ನಿಂತದ್ದು ಯಾವುದು ಎಂದು ಅರಿಯದೆ ಎಣಿಕೆ ಸಾಗದು. 1951ರಲ್ಲಿ ಕೊಳವೆಯಲ್ಲಿ ದ್ರವ ಹರಿಸುತ್ತಿದ್ದವರಿಗೆ ಮಾಯಕೊಂಡದ ರೈತನೊಬ್ಬನ ಈಲಿಯ ಯೋಚನೆ ಎಲ್ಲಿಂದ ಬರಬೇಕು? ಆದರೂ ಆ ಕೆಲಸ ನಮ್ಮ ಮನೆಯ ಬಾಗಿಲಿಗೆ ಬಂದು ಮುಟ್ಟಿತು.

1971ರಲ್ಲಿ ಡಮಾಡಿಯನ್ ಎಂಬ ಅಮೆರಿಕನ್ ವೈದ್ಯನು, ಇಲಿಗಳಿಂದ ತೆಗೆದ ಕ್ಯಾನ್ಸರಿನ ಗಂಟಿನಲ್ಲಿ ಬೀಜಗಳು ಮೊದಲಿನ ಸ್ಥಿತಿಗೆ ಮರಳಲು ಆರೋಗ್ಯವಂತ ಮಾಂಸಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆಂದು ತೋರಿಸಿದನು. 1973ರಲ್ಲಿ ಲಾಟರ್‌ಬರ್ ಎಂಬ ರಸಾಯನ ವಿಜ್ಞಾನಿಯು ಮರುದನಿ ಎಲ್ಲಿಂದ ಬಂತೆಂದು ಗುರುತಿಸುವ ಉಪಾಯ ಹೂಡಿ, ನೀರಿನ ಎರಡು ಕೊಳವೆಗಳ ಚಿತ್ರ ತೆಗೆದನು. ಇಂಗ್ಲೆಂಡಿನ ಮ್ಯಾನ್ಸ್‌ಫೀಲ್ಡ್ ಚಿತ್ರವನ್ನು ವೇಗವಾಗಿ ತೆಗೆಯುವ ಗಣಿತವನ್ನು ಒದಗಿಸಿದನು. ಈ ಇಬ್ಬರಿಗೆ ನೊಬೆಲ್ ಬಂದುದು 2003ರಲ್ಲಿ. ಆ 1973ರಲ್ಲಿಯೇ ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಕ್ಯಾನ್ಸರ್ ಸಂಸ್ಥೆ ಆರಂಭವಾಯಿತೆಂಬುದು ಆಕಸ್ಮಿಕವಾದರೂ ನೆನೆಯತಕ್ಕ ಸಂಗತಿ.

ಇಷ್ಟಾದರೂ ಒಂದು ತೊಡಕು ಉಳಿಯಿತು. ಬೂದು ಬಣ್ಣದ ಹಿನ್ನೆಲೆಯಲ್ಲಿ ಬೂದು ಬಣ್ಣದ ಸಣ್ಣ ಚುಕ್ಕೆಯನ್ನು ಕಾಣುವುದು ಹೇಗೆ? ಎರಡಕ್ಕೂ ನಡುವಣ ವ್ಯತ್ಯಾಸವನ್ನು ಎತ್ತಿ ತೋರುವ ಮದ್ದು ಬೇಕಾಯಿತು. ಕಾಂಟ್ರಾಸ್ಟ್ ಎಂದರೆ ಇದೇ. ಇದಕ್ಕೆ ಒದಗಿದುದು ಗಡೋಲಿನಿಯಂ ಎಂಬ ಲೋಹ. ಅದರ ಕತೆಯೂ ಸ್ವಾರಸ್ಯವಾಗಿದೆ. ಸ್ವೀಡನ್ನಿನ ಇಟರ್‌ಬಿ ಎಂಬ ಹಳ್ಳಿಯ ಗಣಿಯಲ್ಲಿ 1787ರಲ್ಲಿ ಒಬ್ಬ ಸೈನ್ಯಾಧಿಕಾರಿಗೆ ಕರಿಯ ಕಲ್ಲೊಂದು ಸಿಕ್ಕಿತು. ಫಿನ್‌ಲೆಂಡಿನ ಯೋಹಾನ್ ಗಡೋಲಿನ್ ಎಂಬ ವಿದ್ವಾಂಸನು ಅದನ್ನು ಪರೀಕ್ಷಿಸಿ, ಅದರಲ್ಲಿ ಅಪರಿಚಿತವಾದ ಮೃತ್ತಿಕೆಯಿದೆಯೆಂದು 1794ರಲ್ಲಿ ಸಾರಿದನು. 1880ರಲ್ಲಿ ಗುರುತು ಹತ್ತಿದ ಹೊಸ ಲೋಹವೊಂದಕ್ಕೆ ಅವನ ಹೆಸರು ನಿಂತಿತು. ಈ ಲೋಹದ ಅಯಾನಿನಲ್ಲಿ ಜೊತೆಯಿಲ್ಲದ ಎಲೆಕ್ಟ್ರಾನುಗಳು ಏಳು. ಆದ್ದರಿಂದ ಅದು ಬಲವಾದ ಕಾಂತಗುಣವುಳ್ಳದ್ದು. ಹತ್ತಿರದ ನೀರಿನ ಬೀಜಗಳನ್ನು ಬೇಗ ಮರಳುವಂತೆ ಮಾಡುತ್ತದೆ; ಚಿತ್ರದಲ್ಲಿ ಆ ಜಾಗ ಬೆಳಗುತ್ತದೆ. ಬರಿಯ ಲೋಹ ವಿಷ. ಆದುದರಿಂದ ಅದನ್ನು ಪಂಜರದಂಥ ಅಣುವಿನೊಳಗೆ ಕೂಡಿಹಾಕಬೇಕು. ಬರ್ಲಿನ್ನಿನ ಶೆರಿಂಗ್ ಕಂಪನಿಯ ವೈನ್‌ಮನ್ ಮೊದಲಾದವರು ಇದನ್ನು ಸಾಧಿಸಿದರು. 1988ರಲ್ಲಿ ಇಂಥ ಮೊದಲ ಮದ್ದು ಬಳಕೆಗೆ ಬಂದಿತು.

ಇನ್ನು ಎರಡು ಕಾಲುವೆಗಳ ಮಾತಿಗೆ ಮರಳೋಣ. ಮದ್ದನ್ನು ತೋಳಿನ ನರಕ್ಕೆ ಚುಚ್ಚಿದ ಅರ್ಧ ನಿಮಿಷದೊಳಗೆ ಅದು ಧಮನಿಯಿಂದ ಯಕೃತ್ತನ್ನು ಸೇರುತ್ತದೆ. ಮರಿಗಂಟಿನ ಅಂಚು ಆಗ ಬಳೆಯಂತೆ ಬೆಳಗುವುದುಂಟು. ಒಂದು ನಿಮಿಷ ದಾಟುವಾಗ ಕರುಳಿನ ಕಡೆಯ ಕಾಲುವೆ ತುಂಬಿ ಬಂದು ಇಡೀ ಯಕೃತ್ತು ಬೆಳಗುತ್ತದೆ. ಗಂಟು ಮಂಕಾಗಿ ಹಿಂದುಳಿಯುತ್ತದೆ. ರಕ್ತನಾಳಗಳ ಗೋಜಲಾದರೆ ಅಂಚಿನಿಂದ ಒಳಕ್ಕೆ ಮೆಲ್ಲಮೆಲ್ಲನೆ ತುಂಬಿಕೊಳ್ಳುತ್ತದೆ. ನೀರುಗುಳ್ಳೆ ಯಾವ ಹೊತ್ತಿನಲ್ಲಿಯೂ ಮದ್ದನ್ನು ಮುಟ್ಟುವುದಿಲ್ಲ. ಹೀಗೆ ನಡತೆಯಿಂದ ಕುಲವನ್ನು ತಿಳಿಯುವುದು ಸಾಧ್ಯವಾಯಿತು.

ಮುಂದಿನ ಹೆಜ್ಜೆ ಇನ್ನೂ ಜಾಣತನದ್ದು. ಯಕೃತ್ತಿನ ಕಣಗಳೇ ಹೀರಿಕೊಂಡು ಪಿತ್ತದೊಡನೆ ಹೊರಹಾಕುವಂಥ ಗಡೋಲಿನಿಯಂ ಮದ್ದುಗಳು ಬಂದವು. ಅವುಗಳಲ್ಲಿ ಗಡಾಕ್ಸೆಟಿಕ್ ಆಮ್ಲವೆಂಬುದು ಯೂರೋಪಿನಲ್ಲಿ 2004ರಲ್ಲಿ ಬಳಕೆಗೆ ಬಂದಿತು. ಚುಚ್ಚಿದ ಮದ್ದಿನ ಅರ್ಧದಷ್ಟನ್ನು ಯಕೃತ್ತು ಹೀರುತ್ತದೆ; ಇಪ್ಪತ್ತು ನಿಮಿಷ ಕಳೆದು ನೋಡಿದರೆ ಆರೋಗ್ಯವಾದ ಭಾಗವೆಲ್ಲ ಬೆಳ್ಳಗೆ ಬೆಳಗುತ್ತಿರುತ್ತದೆ. ಗಡೋಬೆನಿಕ್ ಆಮ್ಲದ ಮದ್ದಾದರೆ ಗಂಟೆ ಎರಡು ಗಂಟೆ ಕಾಯಬೇಕು. ಕರುಳಿನಿಂದ ಬಂದ ಮರಿಗಂಟಿನಲ್ಲಿ ಯಕೃತ್ತಿನ ಕಣಗಳಿಲ್ಲ. ಅದು ಹೀರಲಾರದು, ಬೆಳ್ಳನೆಯ ನೆಲದಲ್ಲಿ ಕಪ್ಪಾಗಿ ನಿಲ್ಲುತ್ತದೆ. ಮದ್ದು ರೋಗವನ್ನು ಬೆಳಗುವುದೆಂದು ನಾನು ತಿಳಿದಿದ್ದೆ. ಅದು ಬೆಳಗುವುದು ಆರೋಗ್ಯವನ್ನು. ಬೆಳಕು ಮೂಡದೆ ಉಳಿದ ಜಾಗವೇ ಶತ್ರುವಿನ ಬಿಡಾರ.

ಈ ಮದ್ದುಗಳಿಗೆ ಕಳಂಕವೇ ಇಲ್ಲವೆನ್ನುವಂತಿಲ್ಲ. ಮೂತ್ರಪಿಂಡ ತೀರ ಕೆಟ್ಟವರಿಗೆ ಕೆಲವು ಗಡೋಲಿನಿಯಂ ಮದ್ದುಗಳಿಂದ ಚರ್ಮವೂ ಒಳ ಅಂಗಗಳೂ ಗಡುಸಾಗುವ ಭೀಕರ ರೋಗ ಬರುವುದೆಂದು 2006ರಲ್ಲಿ ಬೆಳಕಿಗೆ ಬಂದಿತು. ಲೋಹದ ಅಂಶ ಮಿದುಳಿನಲ್ಲಿ ಉಳಿಯುವುದೂ ಆಮೇಲೆ ಕಂಡಿತು. 2017ರಲ್ಲಿ ಯೂರೋಪಿನ ಔಷಧ ಸಂಸ್ಥೆಯು ಸಡಿಲ ಪಂಜರದ ಮದ್ದುಗಳನ್ನು ಬಹುಮಟ್ಟಿಗೆ ತಡೆಹಿಡಿಯಿತು. ಯಕೃತ್ತಿನ ಪರೀಕ್ಷೆಗೆ ಮಾತ್ರ ಮೇಲೆ ಹೇಳಿದ ಎರಡನ್ನು ಉಳಿಸಿಕೊಂಡಿತು. ಆ ಕೆಲಸಕ್ಕೆ ಅವಕ್ಕೆ ಸಮನಾದವು ಬೇರೆ ಇರಲಿಲ್ಲ. ಇಂಜೆಕ್ಷನ್ನಿಗೆ ಮೊದಲು ಮೂತ್ರಪಿಂಡದ ರಕ್ತಪರೀಕ್ಷೆಯನ್ನು ಏಕೆ ಕೇಳುತ್ತಾರೆಂಬುದು ಇದರಿಂದ ತಿಳಿಯುತ್ತದೆ.

ಹನ್ನೊಂದನೆಯ ದಿನ ನಾವು ಬೆಂಗಳೂರಿನಲ್ಲಿದ್ದೆವು. ದೊಡ್ಡಪ್ಪನವರ ಉಡಿದಾರ, ಉಂಗುರ, ಕೊರಳಿನ ಬೆಳ್ಳಿಯ ಕರಡಿಗೆ ಎಲ್ಲವನ್ನೂ ಬಿಚ್ಚಿಸಿದರು. ಕರಡಿಗೆಯನ್ನು ನನ್ನ ಅಂಗೈಯಲ್ಲಿಟ್ಟು, “ಜ್ವಾಕಿ” ಎಂದು ಒಳಗೆ ಹೋದರು. ಹೊರಗೆ ಕುಳಿತವನಿಗೆ ಯಂತ್ರದ ಬಡಿತ ಕೇಳುತ್ತಿತ್ತು. “ಉಸಿರು ಬಿಗಿ ಹಿಡೀರಿ, ಬಿಡ್ರಿ” ಎಂಬ ದನಿಯೂ ಕೇಳುತ್ತಿತ್ತು. ಮುಕ್ಕಾಲು ಗಂಟೆಗೆ ಹೊರಗೆ ಬಿಟ್ಟು, ಒಂದೂವರೆ ಗಂಟೆ ಕೂರಿಸಿ, ಮತ್ತೆ ಒಳಗೆ ಮಲಗಿಸಿದರು. ನಡುವಣ ಹೊತ್ತಿನಲ್ಲಿ ನಾವಿಬ್ಬರೂ ರೋಗದ ಮಾತೆತ್ತಲಿಲ್ಲ. ಮಳೆ ಬಿದ್ದಿತೋ ಇಲ್ಲವೋ ಎಂದು ಊರಿಗೆ ಫೋನ್ ಮಾಡಿ ಕೇಳಿದೆವು.

ವರದಿ ಮರುದಿನ ಬಂದಿತು. ಸಿ. ಟಿ. ಕಂಡ ಮೂರರಲ್ಲಿ ಒಂದು ಬರಿಯ ನೀರುಗುಳ್ಳೆ. ಎರಡು ನಿಜವಾದ ಮರಿಗಂಟುಗಳು. ಇವಲ್ಲದೆ, ಸಿ. ಟಿ.ಗೆ ಕಾಣದಿದ್ದ ಇನ್ನೊಂದು ಚಿಕ್ಕದು ಎಡಭಾಗದಲ್ಲಿ ಅಡಗಿತ್ತು. ಒಂದು ಹೋಯಿತು, ಒಂದು ಬಂತು, ಲೆಕ್ಕ ಮೂರೇ. ಆದರೆ ಯುದ್ಧದ ಹೂಟವೇ ಬದಲಾಯಿತು. ಬಲಗಡೆಯದನ್ನು ಮಾತ್ರ ಕತ್ತರಿಸಿ ತೆಗೆದಿದ್ದರೆ ಎಡಗಡೆಯದು ಒಳಗೇ ಉಳಿದು ಬೆಳೆಯುತ್ತಿತ್ತು. ಫ್ರಾನ್ಸಿನ ಕ್ವಿನೋ 1957ರಲ್ಲಿ ಯಕೃತ್ತನ್ನು ಎಂಟು ಭಾಗಗಳಾಗಿ ವಿಂಗಡಿಸಿ ಬರೆದ ನಕ್ಷೆ ಇಂದಿಗೂ ಶಸ್ತ್ರವೈದ್ಯರ ಕೈಪಿಡಿ. ಯಾವ ಭಾಗದಲ್ಲಿ ಎಷ್ಟು ಎಂದು ತಿಳಿದರೆ, ಯಾವುದನ್ನು ತೆಗೆಯಬೇಕು, ಬದುಕಲು ಎಷ್ಟನ್ನು ಉಳಿಸಬೇಕು ಎಂದು ಮೊದಲೇ ಲೆಕ್ಕ ಹಾಕಬಹುದು. ನಮ್ಮದು ಅಪರೂಪದ ಪ್ರಕರಣವೂ ಅಲ್ಲ. 2024ರಲ್ಲಿ ಪ್ರಕಟವಾದ ಯೂರೋಪಿನ ಅಧ್ಯಯನವೊಂದರಲ್ಲಿ, ಸಿ. ಟಿ. ಆದಮೇಲೆ ಕಾಂಟ್ರಾಸ್ಟ್ ಎಂ. ಆರ್. ಐ. ಕೂಡ ಮಾಡಿ ನೋಡಿದಾಗ, ಇಂಥ ರೋಗಿಗಳಲ್ಲಿ ನೂರಕ್ಕೆ ಸುಮಾರು 31 ಮಂದಿಯ ಚಿಕಿತ್ಸೆಯ ಯೋಜನೆ ಬದಲಾಯಿತು. ಕೆಲವರಿಗೆ ಅದು ಹೆಚ್ಚಿನ ಶಸ್ತ್ರಕ್ರಿಯೆ. ಕೆಲವರಿಗೆ ಶಸ್ತ್ರಕ್ರಿಯೆಯೇ ವ್ಯರ್ಥವೆಂಬ ಕಹಿಸುದ್ದಿ. ಬೇಹಿನವನು ಸಿಹಿಯನ್ನೇ ತರುತ್ತಾನೆಂಬ ನಿಯಮವಿಲ್ಲ.

ದೊಡ್ಡಪ್ಪನವರಿಗೆ ಮೊದಲು ಔಷಧ ಕೊಟ್ಟು, ಆಮೇಲೆ ಕರುಳಿನದನ್ನೂ ಯಕೃತ್ತಿನ ಮೂರನ್ನೂ ತೆಗೆದರು. ತೆಗೆದುದನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದ ಮೇಲೆಯೇ ಮೂರೂ ಮರಿಗಂಟುಗಳೆಂಬುದು ಖಚಿತವಾಯಿತು. ಚಿತ್ರ ಎಷ್ಟೇ ಸೊಗಸಾಗಿರಲಿ, ಅದು ಸಾಕ್ಷಿ; ತೀರ್ಪಲ್ಲ. ಎರಡು ವರ್ಷವಾಗಿದೆ. ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುತ್ತೇವೆ. ಪ್ರತಿಸಲವೂ ಕರಡಿಗೆ ನನ್ನ ಅಂಗೈಗೆ ಬರುತ್ತದೆ. ಪ್ರತಿಸಲವೂ ಅದು ಹಿಂದಿನ ಸಲದಷ್ಟೇ ತಣ್ಣಗಿರುತ್ತದೆ.

ಕಳೆದ ಮುಂಗಾರಿನಲ್ಲಿ ಮಾಯಕೊಂಡಕ್ಕೆ ಹೋಗಿದ್ದೆ. ದೊಡ್ಡಪ್ಪ ಮೆಕ್ಕೆಜೋಳದ ಸಾಲಿನಲ್ಲಿ ಕುಳಿತು ಕಳೆ ಕೀಳುತ್ತಿದ್ದರು. ಇಷ್ಟು ಸಣ್ಣ ಕಳೆ ನಿಮ್ಮ ಕಣ್ಣಿಗೆ ಹೇಗೆ ಕಾಣುತ್ತದೆಂದು ಕೇಳಿದೆ. ತಲೆಯೆತ್ತದೆ, “ಪೈರು ಗೊತ್ತಿದ್ದೋನಿಗೆ ಕಳೆ ಗೊತ್ತಾಗತೈತಿ ತಮ್ಮಾ” ಎಂದರು. ನಾನೂ ಪಕ್ಕದ ಸಾಲಿನಲ್ಲಿ ಕುಳಿತೆ.